ಹೊಸ ಟೈರು ಹಿಂದಕ್ಕೆ

ತಾರಸಿಯ ಮೇಲೆ ಗೋಣಿಚೀಲ ಹಾಸಿಕೊಂಡು ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದೆ. ಹಿಂದಿನ ಸಂಜೆ ವರ್ಷದ ಮೊದಲ ಮಳೆ ನಾಲ್ಕು ಹನಿ ಉದುರಿಸಿ ಹೋಗಿತ್ತು. ಇನ್ನು ತಡಮಾಡಿದರೆ ಹಣ್ಣು ತೇವ ಹಿಡಿಯುತ್ತದೆ ಎಂಬ ಅವಸರ. ಕೈಯೆಲ್ಲ ಅಂಟು. ಅಂಗಡಿಯಿಂದ ನಮ್ಮ ಮನೆಯವರ ಫೋನು ಬಂತು. ಕಿರುಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದೆ.

"ಪಕ್ಕದ್ಮನೆ ಮೇಡಂ ಹೋಗ್ಬಿಟ್ರಂತೆ ಕಣೇ. ನಿನ್ನೆ ಸಾಯಂಕಾಲ. ಹುಲಿಯೂರುದುರ್ಗದ ರೋಡಲ್ಲಿ ಗಾಡಿ ಮೋರಿಗೆ ಹೊಡೀತಂತೆ."

ನಾನು ಎದ್ದು ಗೋಡೆಯ ಅಂಚಿಗೆ ಹೋಗಿ ಕೆಳಗೆ ನೋಡಿದೆ. ಪಕ್ಕದ ಮನೆಯ ಗೇಟಿನೊಳಗೆ ಮೇಡಂ ಅವರ ಕೆಂಪು ಕಾರು ಎಂದಿನಂತೆ ಮೂತಿಯನ್ನು ರಸ್ತೆಯ ಕಡೆಗೆ ಮಾಡಿಕೊಂಡು ನಿಂತಿತ್ತು. ಮಳೆಹನಿ ಬಿದ್ದು ಧೂಳು ಚುಕ್ಕೆ ಚುಕ್ಕೆಯಾಗಿದ್ದು ಬಿಟ್ಟರೆ ಮೈಮೇಲೆ ಒಂದು ಗೀರೂ ಇರಲಿಲ್ಲ.

"ಕಾರು ಇಲ್ಲೇ ಇದೆಯಲ್ರೀ!"

"ಅವರ ಕಾರಲ್ಲ. ಅವರ ತಮ್ಮನ ಗಾಡಿ. ತಮ್ಮನೇ ಓಡಿಸ್ತಿದ್ದ. ಇವ್ರು ಹಿಂದೆ ಕೂತಿದ್ರಂತೆ."

ಮಗುವಿಗೂ ಅರ್ಥವಾಗುವ ಮಾತು. ಆದರೆ ಅಂದು ಸಂಜೆ ಹಾಲಿನ ಬೂತಿಗೆ ಹೋದರೆ ಅಲ್ಲಿ ನಿಂತವರು ಆಡುತ್ತಿದ್ದ ಮಾತೇ ಬೇರೆ. "ಆ ವಯಸ್ಸಲ್ಲಿ ರೇಸ್ ಕಾರು ಬೇಕಿತ್ತಾ?" "ಹೆಂಗಸ್ರಿಗೆ ಅಷ್ಟು ಸ್ಪೀಡು ಆಗ್ಬಾರ್ದು ಕಣ್ರೀ." "ಏನೇನೋ ಟೈರು, ಏನೇನೋ ಸ್ಪ್ರಿಂಗು ಹಾಕಿಸ್ದಾಗ್ಲೇ ನಾನು ಅಂದ್ಕೊಂಡೆ." ಎದುರುಮನೆಯಾಕೆಯಂತೂ ಮೇಡಂ ಅವರ ಗೇಟು ಹಿಡಿದು, ಒಳಗೆ ನಿಂತ ಕಾರನ್ನು ನೋಡುತ್ತಲೇ, "ಈ ಕಾರೇ ತಿಂದ್ಕೊಂತು ಅವ್ರನ್ನ" ಎಂದಳು. ಮೋರಿಗೆ ಬಡಿದ ಕಾರು ತಾನಾಗಿ ನಡೆದು ಬಂದು ಇಲ್ಲಿ ನಿಂತುಕೊಂಡಿತೇನೇ ತಾಯಿ ಎಂದು ಕೇಳಿದೆ. ಆಕೆಗೆ ಬೇಜಾರಾಯಿತು. ಆಗಲಿ.

ಬದುಕಿದ್ದಾಗ ಆಡಿಕೊಂಡಿದ್ದು ಸಾಲದೆ, ಸತ್ತ ಮೇಲೆ ತಾವು ಮಾಡದ ತಪ್ಪನ್ನೂ ಅವರು ಹೊತ್ತುಕೊಂಡು ಹೋಗಬೇಕೇ? ಆ ಸಿಟ್ಟಿಗೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ. ನಮ್ಮ ಬೀದಿಗೆಲ್ಲ ಅವರು ಡ್ರಿಲ್ ಮೇಡಂ. ನಮ್ಮ ಅತ್ತೆಯ ಬಾಯಲ್ಲಿ ಮೇಷ್ಟ್ರಮ್ಮ.

ಗುಬ್ಬಿ ಕಡೆಯ ಒಂದು ಹೈಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ಆಟ ಕಲಿಸಿ ನಿವೃತ್ತರಾದವರು. ಕುಳ್ಳಗಿನ ಆಳು, ಬಿಸಿಲಿಗೆ ಬೆಂದ ಮುಖ, ರೇಷ್ಮೆ ಸೀರೆ ಉಟ್ಟರೂ ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಟೈಮ್ ಸಿಗ್ಲಿಲ್ಲ, ಸ್ಪೋರ್ಟ್ಸ್ ಇತ್ತು" ಎನ್ನುತ್ತಿದ್ದರು. ಬ್ಯಾಗಿನಲ್ಲಿ ಕನ್ನಡಕ ಮರೆತರೂ ಸೀಟಿ ಮರೆಯುತ್ತಿರಲಿಲ್ಲ. ನಾನು ಬೆಳಿಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕುವವಳಲ್ಲ. ಅವರು ಆ ಹೊತ್ತಿಗೆ ಮೈದಾನಕ್ಕೆ ಸುತ್ತು ಹಾಕಿ ಬೆವರಿಳಿಸಿಕೊಂಡು ಬರುತ್ತಿದ್ದರು. ನನ್ನ ಗಂಟೆಯ ಸದ್ದು ಕೇಳಿದರೆ ಕಾಂಪೌಂಡಿನ ಆಚೆಯಿಂದಲೇ, "ನನ್ ಪಾಲಿಂದೂ ನೀನೇ ಮಾಡ್ಬಿಡಮ್ಮ, ನಿನ್ ಪಾಲಿಂದು ನಾನು ಓಡ್ಬಂದಿದೀನಿ" ಎಂದು ಕೂಗುತ್ತಿದ್ದರು.

ಅವರು ಬಹಳ ಮೃದು ಸ್ವಭಾವದವರು, ಸಾಧ್ವಿ ಎಂದೆಲ್ಲ ನಾನು ಹೇಳುವುದಿಲ್ಲ. ಬಾಯಿ ಜೋರು. ತಮ್ಮ ಪ್ರತಾಪವನ್ನು ತಾವೇ ಹೇಳಿಕೊಳ್ಳುವುದರಲ್ಲಿ ಸಂಕೋಚವೆಂಬುದೇ ಇರಲಿಲ್ಲ. ಸಕ್ಕರೆ ಕಡ ಕೊಟ್ಟರೆ ಲೋಟದ ಬಾಯಿಗೆ ಸರಿಯಾಗಿ ಬೆರಳಿನಲ್ಲಿ ಸವರಿ, ಗೋಪುರವಾಗಿದ್ದಷ್ಟನ್ನು ಡಬ್ಬಿಗೆ ವಾಪಸ್ ಹಾಕಿಕೊಂಡು ಕೊಡುತ್ತಿದ್ದರು. ಶಾಲೆಯ ಒಂದು ಕಥೆಯನ್ನು ನನಗೆ ಲೆಕ್ಕವಿಲ್ಲದಷ್ಟು ಸಲ ಹೇಳಿದ್ದಾರೆ. ತಾಲ್ಲೂಕು ಕ್ರೀಡಾಕೂಟಕ್ಕೆ ಹುಡುಗಿಯರಿಗೆ ಶೂ ಬೇಕೆಂದು ಕೇಳಿದಾಗ ಹೆಡ್ಮೇಷ್ಟ್ರು, "ಬರಿಗಾಲಲ್ಲಿ ಓಡಿದೋರು ಎಷ್ಟೋ ಜನ ಕಪ್ ತಂದಿದಾರಮ್ಮ" ಎಂದರಂತೆ. "ಹಂಗಾದ್ರೆ ಸಾರ್, ನೀವು ಚಪ್ಪಲಿ ಇಲ್ಲೇ ಬಿಟ್ಟು ಆ ಜಲ್ಲಿ ಮೇಲೆ ಗೇಟಿನ ತನಕ ಹೋಗ್ಬನ್ನಿ, ಆಮೇಲೆ ಮಾತಾಡಣ." ಶೂ ಬಂತು. ಕಪ್ ಬರಲಿಲ್ಲ. ಅದನ್ನೂ ಹೇಳುತ್ತಿದ್ದರು. "ಕಪ್ ಬರ್ದೇ ಇದ್ರೆ ಏನಾಯ್ತು? ಒಬ್ಬಳ ಕಾಲೂ ಹರೀಲಿಲ್ಲ."

ನಿವೃತ್ತರಾದ ಮೇಲೆ ಆ ಕೆಂಪು ಕಾರು ತಂದರು. ಬೆಂಗಳೂರಿನ ಯಾರೋ ಓಡಿಸಿ ಮಾರಿದ್ದು. ನೋಡಲು ಪುಟ್ಟದು, ಇಂಜಿನ್ನಿಗೆ ಮಾತ್ರ ದೊಡ್ಡ ಗಾಡಿಯ ಶಕ್ತಿ. ಬೀದಿಯ ಗಂಡಸರೆಲ್ಲ ಬಂದು ಬಾನೆಟ್ಟಿನೊಳಗೆ ತಲೆ ಹಾಕಿ ನೋಡಿ, "ಮೇಡಂ, ಇದು ನಿಮ್ಗೆ ಜಾಸ್ತಿ ಆಯ್ತು" ಎಂದು ಹೇಳಿ ಹೋದರು. ಜಾಸ್ತಿ ಎನ್ನುವುದನ್ನು ಇವರು ಯಾವ ಅಳತೆಯಲ್ಲಿ ಅಳೆದರೋ ನನಗೆ ಇಂದಿಗೂ ಗೊತ್ತಿಲ್ಲ.

ಮೊದಲ ಸಲ ನಾನು ಮತ್ತು ಅತ್ತೆ ಅದರಲ್ಲಿ ಕೂತಿದ್ದು ಚೇಳೂರಿಗೆ ಹೋಗುವಾಗ. ನಮ್ಮ ನಾದಿನಿಯ ಸೀಮಂತ. ಅತ್ತೆಯ ಮಡಿಲಲ್ಲಿ ಶಾವಿಗೆ ಪಾಯಸದ ಪಾತ್ರೆ. ನೇರ ರಸ್ತೆಯಲ್ಲಿ ಕಾರು ರಾಜನ ಹಾಗೆ ಹೋಯಿತು. ತಿರುವು ಬಂತು ನೋಡಿ, ಕುಡಿದವನ ಹಾಗೆ ಒಂದು ಕಡೆಗೆ ವಾಲಿತು. ಗುಂಡಿ ಇಳಿದು ಹತ್ತಿದ ಮೇಲೂ ತೂಗುವುದು ನಿಲ್ಲಲಿಲ್ಲ. ಪಾಯಸ ಅತ್ತೆಯ ಸೀರೆಯ ಮೇಲೆ. ಮೇಡಂ ಕಾರನ್ನು ಮರದ ಕೆಳಗೆ ನಿಲ್ಲಿಸಿ ಇಳಿದು, ಚಕ್ರಗಳನ್ನು ಒಂದೊಂದಾಗಿ ನೋಡಿಕೊಂಡು ಬಂದರು.

"ಅಜ್ಜಿ, ತಪ್ಪು ನಿಮ್ದಲ್ಲ, ಪಾಯಸದ್ದೂ ಅಲ್ಲ, ಇವಳ್ದು," ಎಂದು ಕಾರಿನ ನೆತ್ತಿಗೆ ಒಂದು ಏಟು ಹಾಕಿದರು. "ಎದೆ ಗಟ್ಟಿ ಇದೆ, ಕಾಲು ಸರಿಯಿಲ್ಲ. ಇಂಥೋಳ್ನ ಓಡೋಕೆ ಬಿಡ್ಬಾರ್ದು. ಮೊದಲು ಶೂ ಬದಲಾಯಿಸ್ತೀನಿ. ಆಮೇಲೆ ಮಂಡಿ ನೋಡಣ."

ಶೂ ಎಂದರೆ ಟೈರು, ಮಂಡಿ ಎಂದರೆ ಸ್ಪ್ರಿಂಗು ಮತ್ತು ಕುಲುಕು ನುಂಗುವ ಶಾಕ್. ಅವರಿಗೆ ಕಾರೂ ಒಂದು ವಿದ್ಯಾರ್ಥಿನಿಯೇ.

ಟೈರಿನ ಅಂಗಡಿಗೆ ನಾವೂ ಹೋಗಿದ್ದೆವು. ನಮ್ಮ ಮನೆಯವರಿಗೆ ಸ್ಕೂಟರಿನ ಟ್ಯೂಬ್ ಬೇಕಿತ್ತು. ಅಂಗಡಿಯವನು ಮೇಡಂ ಕೇಳಿದ ಪ್ರಶ್ನೆಗೆಲ್ಲ ನಮ್ಮ ಮನೆಯವರ ಮುಖ ನೋಡಿ ಉತ್ತರ ಕೊಡತೊಡಗಿದ.

"ಸಾರ್, ಮೇಡಂಗೆ ಈ ಟೈರು ಸಾಕು. ಕಲ್ಲು ಇದ್ದಂಗಿದೆ. ಸವೆಯೋ ಮಾತೇ ಇಲ್ಲ."

"ಕಲ್ಲಿದ್ದಂಗಿದ್ರೆ ರಸ್ತೆ ಹೆಂಗಪ್ಪ ಹಿಡಿಯುತ್ತೆ?" ಎಂದರು ಮೇಡಂ. "ಮೆತ್ತನೆ ರಬ್ಬರಿಂದು ಕೊಡು. ಬೇಗ ಸವೆದ್ರೂ ಪರವಾಗಿಲ್ಲ. ಮಳೆ ನೀರು ಹೊರಕ್ಕೆ ತಳ್ಳೋ ಹಂಗೆ ಗೆರೆ ಆಳ ಇರ್ಬೇಕು. ಅಗಲ ಒಂದು ಸೈಜ್ ಜಾಸ್ತಿ ಇರ್ಲಿ, ಅದಕ್ಕಿಂತ ಬೇಡ, ಉಜ್ಜುತ್ತೆ."

"ಸಾರ್, ಅದೆಲ್ಲ ರೇಸ್ ಹುಡುಗ್ರು ಹಾಕ್ಸೋದು. ನೀವಾದ್ರೂ ಹೇಳಿ ಸಾರ್."

ಕೂತಿದ್ದ ನನ್ನ ಮೈ ಉರಿಯಿತು. ಬಾಯಿ ತೆರೆಯುವಷ್ಟರಲ್ಲಿ ಸೀಟಿ ಊದಿದ ಸದ್ದಾಯಿತು. ಅಂಗಡಿಯೊಳಗೆ ಎಲ್ಲ ಕೆಲಸ ನಿಂತಿತು. ಟೈರು ಉರುಳಿಸಿಕೊಂಡು ಬರುತ್ತಿದ್ದವನು ಕೈಬಿಟ್ಟ, ಅದು ತಾನೇ ಉರುಳಿ ಹೋಗಿ ಗಲ್ಲಾಪೆಟ್ಟಿಗೆಗೆ ಬಡಿಯಿತು.

"ಈ ಸಾರ್‌ಗೆ ಇರೋದು ಸ್ಕೂಟರು. ಕಾರು ನನ್ದು, ದುಡ್ಡು ನನ್ದು, ಅದ್ರೊಳಗೆ ಕೂರೋ ಜೀವ ನನ್ದು. ನನ್ ಮುಖ ನೋಡ್ಕೊಂಡು ಮಾತಾಡು."

ನಮ್ಮ ಮನೆಯವರು ಟ್ಯೂಬು ಮರೆತು ಹೊರಗೆ ಹೋಗಿ ನಿಂತುಬಿಟ್ಟಿದ್ದರು.

ಅವರ ಕ್ರಮ ಹೇಗಿತ್ತೆಂದರೆ, ಎಲ್ಲವನ್ನೂ ಒಟ್ಟಿಗೆ ಬದಲಾಯಿಸುವುದಿಲ್ಲ. ಮೊದಲು ಟೈರು ಮಾತ್ರ. ಅದರಲ್ಲೇ ಗುಬ್ಬಿ, ಕುಣಿಗಲ್ ಎಂದು ಸುತ್ತಾಡಿ, ಒಂದೇ ತಿರುವನ್ನು ಬೇರೆ ಬೇರೆ ದಿನ ಹತ್ತಿ ಇಳಿದು, ಕಾರು ಎಷ್ಟು ಸುಧಾರಿಸಿತು ಎಂದು ತಿಳಿದುಕೊಂಡ ಮೇಲೆಯೇ ಮುಂದಿನದು. "ಎಲ್ಲಾ ಒಂದೇ ಸಲ ಮಾಡಿದ್ರೆ ಯಾವ ಮದ್ದು ನಾಟ್ತು ಅಂತ ಹೆಂಗಮ್ಮ ಗೊತ್ತಾಗೋದು?" ಟೈರು ಹಾಕಿದ ಮೇಲೆ ಬ್ರೇಕು ಒತ್ತಿದಲ್ಲಿ ನಿಲ್ಲುತ್ತಿತ್ತು, ಆದರೆ ವಾಲುವುದು ಹೋಗಿರಲಿಲ್ಲ. ಹಾಗಾಗಿ ಅಂತರಸನಹಳ್ಳಿಯ ಒಂದು ವರ್ಕ್‌ಶಾಪಿಗೆ ಬಿಟ್ಟರು. ಅಲ್ಲಿನವನಿಗೆ ಕಾರನ್ನು ನೆಲಕ್ಕೆ ಇಳಿಸುವ ಆಸೆ.

"ಮೇಡಂ, ಇನ್ನೊಂಚೂರು ಇಳಿಸಿದ್ರೆ ಲುಕ್ಕು ಬರುತ್ತೆ."

"ಲುಕ್ಕು ನನಗೇ ಬೇಕಾದಷ್ಟಿದೆ ಕಣಪ್ಪ, ಕಾರಿಗೆ ಬೇಡ. ನಮ್ಮ ಬೀದಿ ಹಂಪ್ ನೋಡಿದೀಯಾ ನೀನು? ಹೊಟ್ಟೆ ಎಳ್ಕೊಂಡು ಹೋಗೋಕೆ ಇದೇನು ಹಲ್ಲೀನಾ?"

ಇಷ್ಟೆಲ್ಲ ಮಾತಾಡಿದವರು ತಾವೇ ಒಂದು ತಪ್ಪು ಮಾಡಿದರು. ಮೊದಲು ಹಾಕಿಸಿದ ಸ್ಪ್ರಿಂಗು ವಿಪರೀತ ಬಿಗಿ. ಕಾರು ವಾಲುವುದು ನಿಂತಿತು, ಕೂತವರ ಸೊಂಟವೂ ಮುರಿಯಿತು. ದೇವಸ್ಥಾನಕ್ಕೆ ಹೋಗಿ ಬಂದ ಅತ್ತೆ ಇಳಿಯುತ್ತಾ, "ಇದು ಕಾರಲ್ಲ ಮೇಷ್ಟ್ರಮ್ಮ, ಒರಳು. ನಾನು ಒಳಗಿನ ಬೇಳೆ" ಎಂದುಬಿಟ್ಟರು. "ನಿಮ್ ಬೆನ್ನು ಹಳೇದು ಅಜ್ಜಿ, ನನ್ ಸ್ಪ್ರಿಂಗ್ ಹೊಸಾದು" ಎಂದು ಮೇಡಂ ಮುಖ ಊದಿಸಿಕೊಂಡು ಒಳಗೆ ಹೋದರು. ಸುಮಾರು ದಿನ ಕಾಂಪೌಂಡಿನ ಆಚೆಯಿಂದ ಮಾತೇ ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ಗಂಟೆ ಬಾರಿಸುವ ಹೊತ್ತಿಗೇ ಬಂದು ನಿಂತರು.

"ಅಜ್ಜಿ ಹೇಳಿದ್ದೇ ಸರಿ ಕಣಮ್ಮ. ಬಿಗಿ ಜಾಸ್ತಿ ಆದ್ರೆ ನಮ್ ರಸ್ತೆ ಗುಂಡೀಲಿ ಚಕ್ರ ಕುಪ್ಪಳಿಸುತ್ತೆ. ಕುಪ್ಪಳಿಸ್ದಾಗ ನೆಲ ಬಿಟ್ಟಂಗಾಯ್ತು. ನೆಲದ್ಮೇಲೆ ಇಲ್ದಿರೋ ಕಾಲಿಂದ ಏನು ಉಪಯೋಗ?"

ಸ್ಪ್ರಿಂಗು ತೆಗೆಸಿ ಹದವಾದದ್ದು ಹಾಕಿಸಿದರು. ಅದಕ್ಕೆ ಹೊಂದುವ ಶಾಕ್ ಹಾಕಿಸಿದರು. ಎಡಬಲದ ಚಕ್ರಗಳನ್ನು ಅಡಿಯಲ್ಲಿ ಹಿಡಿದು ಕಾರು ವಾಲದಂತೆ ಮಾಡುವ ದಪ್ಪನೆಯ ಕಂಬಿಯೊಂದು ಕೊನೆಗೆ ಬಂತು. ಆಮೇಲೆ ನಾಲ್ಕೂ ಚಕ್ರ ನೆಟ್ಟಗಿವೆಯೇ ಎಂದು ಅಲೈನ್ಮೆಂಟು. ಮುಂದಿನ ಸಲ ಚೇಳೂರಿಗೆ ಹೋದಾಗ ಅತ್ತೆ ಮಡಿಲಲ್ಲಿ ಮಜ್ಜಿಗೆಹುಳಿಯ ಪಾತ್ರೆ ಇಟ್ಟುಕೊಂಡು ನಿದ್ದೆ ಮಾಡಿದರು. ಶಿವ ನಮಗೆ ದೊಡ್ಡ ದೊಡ್ಡ ವರವೇನೂ ಕೊಟ್ಟಿಲ್ಲ. ತುಳುಕದ ಪಾತ್ರೆಯನ್ನೂ ನಾನು ವರವೆಂದೇ ಎಣಿಸುತ್ತೇನೆ.

ಅತ್ತೆಗೆ ಆ ಕಾರಿನ ಮೇಲೆ ಎಂಥ ಪ್ರೀತಿ ಬಂತೆಂದರೆ, ಆ ವರ್ಷದ ಆಯುಧಪೂಜೆಯ ದಿನ ಬೆಳಿಗ್ಗೆಯೇ ಎದ್ದು ಹೋಗಿ ನಾಲ್ಕೂ ಟೈರಿಗೆ ಗಾಣದ ಕೊಬ್ಬರಿ ಎಣ್ಣೆ ತಿಕ್ಕಿಬಿಟ್ಟರು. ನಮ್ಮ ಕಡೆ ಯಾವುದು ಮಿಂಚಬೇಕಾದರೂ ಕೊಬ್ಬರಿ ಎಣ್ಣೆಯೇ ತಾನೆ. ಮೇಡಂ ಹೊರಗೆ ಬಂದವರು ಮೂಗರಳಿಸಿ ನಿಂತರು.

"ಯಾರ ಕೆಲ್ಸ ಇದು?"

"ನಂದೇ ಮೇಷ್ಟ್ರಮ್ಮ. ಹೆಂಗೆ ಕರ್ರಗೆ ಹೊಳೀತಾವೆ ನೋಡು!"

"ಅಯ್ಯೋ ಅಜ್ಜೀ! ನೆತ್ತಿಗೆ ಹಚ್ಚೋದ್ನ ಅಂಗಾಲಿಗೆ ಹಚ್ಚಿದೀರಲ್ಲ! ಓಡೋರು ಯಾರಾದ್ರೂ ಅಂಗಾಲಿಗೆ ಎಣ್ಣೆ ಹಚ್ಕೋತಾರಾ?"

ಸೀರೆ ಎತ್ತಿ ಕಟ್ಟಿಕೊಂಡು ಕೂತು ಸೀಗೆಪುಡಿ ಹಾಕಿ ಬ್ರಷ್ಷಿನಲ್ಲಿ ಉಜ್ಜಿದರು. ಬೈಯುತ್ತಲೇ ಉಜ್ಜಿದರು. ಅತ್ತೆ ಪಕ್ಕದಲ್ಲಿ ನಿಂತು ನೀರು ಹುಯ್ದರು, ಬೈಸಿಕೊಳ್ಳುತ್ತಲೇ. ಕೊನೆಗೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ಕೆಲಸವನ್ನು ಅತ್ತೆಗೇ ಕೊಟ್ಟರು. ಕಾರು ಹೊರಡಿಸುವ ಮೊದಲೇ ಎಣ್ಣೆಯ ವಾಸನೆ ಬಂತಲ್ಲ, ಅದೂ ಶಿವನ ದಯೆಯೇ.

ಮೇಡಂ ವೇಗವಾಗಿ ಓಡಿಸಿದ್ದನ್ನು ನಾನು ನೋಡಿಯೇ ಇಲ್ಲ ಎಂದರೆ ಸುಳ್ಳಾಗುತ್ತದೆ. ರಸ್ತೆ ನೆಟ್ಟಗೆ, ಖಾಲಿಯಾಗಿ, ಬಹಳ ದೂರ ಕಾಣುವಂತಿದ್ದರೆ ಓಡಿಸುತ್ತಿದ್ದರು. ಆಗ ಅವರ ಮುಖ ನೋಡಬೇಕಿತ್ತು, ಗೆದ್ದ ಹುಡುಗಿಯ ಮುಖ. ಊರು ಬಂತೆಂದರೆ ಎತ್ತಿನಗಾಡಿಯ ವೇಗ. ಹಿಂದಿನವರು ಎಷ್ಟು ಹಾರನ್ ಹೊಡೆದರೂ ಕೇಳುತ್ತಿರಲಿಲ್ಲ.

ಒಂದು ಸಲ ಗುಬ್ಬಿಯ ದಾರಿಯಲ್ಲಿ ತೆಂಗಿನಕಾಯಿ ತುಂಬಿದ ಟ್ರ್ಯಾಕ್ಟರು ಹೊಲದ ದಾರಿಯಿಂದ ಹಿಂದೆ ಮುಂದೆ ನೋಡದೆ ಟಾರಿಗೆ ನುಗ್ಗಿತು. ನಾನು "ಶಿವಾ" ಎಂದು ಕಣ್ಣು ಮುಚ್ಚಿದೆ. ಬ್ರೇಕು ಬಿದ್ದಿದ್ದು ಗೊತ್ತಾಯಿತು, ಕಾರು ಒಮ್ಮೆ ಬಲಕ್ಕೆ ಹೊರಳಿ, ಮರುಕ್ಷಣ ಎಡಕ್ಕೆ ಬಂದು ನೆಟ್ಟಗಾಯಿತು. ಜಾರಲಿಲ್ಲ, ವಾಲಲಿಲ್ಲ. ಕಣ್ಣು ಬಿಟ್ಟರೆ ಟ್ರ್ಯಾಕ್ಟರು ನಮ್ಮ ಹಿಂದಿತ್ತು. ಹಿಂದಿನ ಸೀಟಿನ ಅತ್ತೆ ಎಚ್ಚರಗೊಂಡು, "ಯಾಕೆ ನಿಂತ್ವಿ? ಗುಬ್ಬಿ ಬಂತಾ?" ಎಂದರು. ಮೇಡಂ ಇಳಿದು ಹೋಗಿ ಟ್ರ್ಯಾಕ್ಟರಿನವನ ಮುಂದೆ ಸೀಟಿ ಊದಿ, ಅವನನ್ನು ನೆಲಕ್ಕಿಳಿಸಿ ನಿಲ್ಲಿಸಿಕೊಂಡು ಬೈದರು. ವಾಪಸು ಬಂದು ಕೂತು ಸೀಟಿಯನ್ನು ಬ್ಯಾಗಿಗೆ ಹಾಕಿಕೊಂಡರು.

"ಶಿವ ಕಾಪಾಡ್ದ ಮೇಡಂ," ಎಂದೆ.

"ಕಾಪಾಡ್ದ. ಇಲ್ಲ ಅನ್ನಲ್ಲ. ಇಳಿಯೋವಾಗ ಟೈರಿಗೂ ಒಂದು ಕೈ ಮುಗಿ."

ನಾನು ಮುಗಿದೆ. ಯಾರು ಬೇಕಾದರೂ ನಗಲಿ.

ಈ ಸುದ್ದಿ ನಮ್ಮ ಬೀದಿಗೂ, ಕುಣಿಗಲ್ಲಿನಲ್ಲಿರುವ ಅವರ ತಮ್ಮನ ಮನೆಗೂ ತಲುಪುವಷ್ಟರಲ್ಲಿ ಹೇಗಾಗಿತ್ತು ಗೊತ್ತೇ? "ಮುದುಕೀನ ಕೂರಿಸ್ಕೊಂಡು ರೇಸ್ ಹೊಡೀತಿದ್ರಂತೆ, ಟ್ರ್ಯಾಕ್ಟರಿಗೆ ಗುದ್ದೋದು ತಪ್ಪಿತಂತೆ." ನೋಡದೆ ನುಗ್ಗಿದವನು ಬಡಪಾಯಿ, ತಪ್ಪಿಸಿದವರು ಹುಚ್ಚಿ!

ತಮ್ಮ ಸಿಮೆಂಟು ಕಬ್ಬಿಣದ ವ್ಯಾಪಾರಿ. ಎತ್ತರದ ದೊಡ್ಡ ಗಾಡಿ ಇಟ್ಟಿದ್ದ. ಕಳೆದ ಆಯುಧಪೂಜೆಗೆ ಮೇಡಂ ನನ್ನನ್ನೂ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಗಾಡಿಗೆ ಸೇವಂತಿಗೆ ಹಾರ, ಬಾಳೆಕಂದು, ಮುಂದಿನ ಚಕ್ರಗಳಿಗೆ ಎರಡು ಹೊಚ್ಚ ಹೊಸ ಟೈರು, ಅವಕ್ಕೂ ವಿಭೂತಿ ಕುಂಕುಮ. ಮೇಡಂ ಆ ಕಡೆ ನೋಡಲೂ ಇಲ್ಲ. ನೇರ ಹಿಂದಕ್ಕೆ ಹೋಗಿ, ರೇಷ್ಮೆ ಸೀರೆಯಲ್ಲೇ ಕುಕ್ಕರಗಾಲಿನಲ್ಲಿ ಕೂತು, ಹಿಂದಿನ ಟೈರಿನ ಗೆರೆಯಲ್ಲಿ ಉಗುರು ಇಟ್ಟು ನೋಡಿದರು.

"ಉಗುರು ಮುಳುಗಲ್ಲ ಕಣೋ. ಇದು ಟೈರಲ್ಲ, ಬೋಳುತಲೆ."

"ಇನ್ನೊಂದ್ ವರ್ಷ ಓಡುತ್ತೆ ಬಿಡಕ್ಕ."

"ಎರಡೇ ತಂದಿದ್ರೂ ಪರವಾಗಿಲ್ಲ. ಹೊಸಾವ್ನ ಹಿಂದಕ್ಕೆ ಹಾಕ್ಸು, ಮುಂದಿಂದ ತೆಗೆಸಿದ ಹಳೇವು ಇನ್ನೂ ಚೆನ್ನಾಗಿದ್ರೆ ಅವನ್ನೇ ಮತ್ತೆ ಮುಂದಕ್ಕೆ ಹಾಕ್ಸು."

ತಮ್ಮ ಅಲ್ಲಿದ್ದವರನ್ನೆಲ್ಲ ನೋಡಿ ನಕ್ಕ. "ಕೇಳಿದ್ರಾ? ಸ್ಟೇರಿಂಗ್ ಮುಂದೆ, ಇಂಜಿನ್ ಮುಂದೆ, ಹಾರ ಹಾಕೋದು ಮುಂದೆ, ಪೂಜೆ ಮಾಡೋದು ಮುಂದೆ. ಹೊಸ ಟೈರು ಮಾತ್ರ ಹಿಂದಕ್ಕೆ ಹಾಕ್ಬೇಕಂತೆ! ಹಿಂದಿನದ್ನ ಯಾರು ನೋಡ್ತಾರಕ್ಕ?"

"ಮುಂದಿನದು ಜಾರಿದ್ರೆ ಕೈಗೆ ಗೊತ್ತಾಗುತ್ತೋ, ಕಾಲು ತೆಗೆದು ನಿಧಾನ ಮಾಡ್ಬಹುದು. ಹಿಂದಿನದು ಜಾರಿದ್ರೆ ನಿನಗೆ ಗೊತ್ತಾಗೋಷ್ಟ್ರಲ್ಲಿ ಗಾಡಿ ಸುತ್ತಿರುತ್ತೆ. ಒದ್ದೆ ರೋಡಲ್ಲಿ ಸುತ್ತಿರುತ್ತೆ. ನನ್ ಮಾತು ಕೇಳು."

"ಆಯ್ತು ಮೇಡಮ್ಮೋರೇ, ಊಟಕ್ಕೇಳಿ," ಎಂದ ತಮ್ಮ. ಎಲ್ಲರೂ ನಕ್ಕರು. ಅಕ್ಕನನ್ನು ಮೇಡಮ್ಮೋರೇ ಎಂದು ಅಣಕಿಸಿದ ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಈಗ ಈ ಬೇಸಗೆಯಲ್ಲಿ ತಮ್ಮನ ಮಗನಿಗೆ ಹುಲಿಯೂರುದುರ್ಗದಲ್ಲಿ ಹೆಣ್ಣು ಗೊತ್ತಾಯಿತು. ನಿಶ್ಚಿತಾರ್ಥದ ಹಿಂದಿನ ದಿನ ಮೇಡಂ ಕಾಂಪೌಂಡಿನ ಹತ್ತಿರ ಬಂದರು. ಮುಖ ಗಂಟು.

"ನನ್ ಕಾರಲ್ಲಿ ಬರ್ಬಾರ್ದಂತೆ ಕಣೇ. 'ಬೀಗರ ಮನೆ ಮುಂದೆ ನೀನು ಆ ಕೆಂಪು ಕಾರಲ್ಲಿ ಬುರ್ ಅಂತ ಬಂದಿಳಿದ್ರೆ ನಮ್ ಮರ್ಯಾದೆ ಏನಾಗ್ಬೇಕಕ್ಕ' ಅಂದ. ಶೂನೂ ಹಾಕ್ಕೋಬಾರ್ದಂತೆ."

"ನೀವೇನಂದ್ರಿ?"

"ಏನನ್ಲಿ? ಒಂದೇ ತಮ್ಮ, ಅವನಿಗೊಂದೇ ಮಗ. ಆ ಹುಡುಗನ್ ಮುಖ ನೋಡ್ಕೊಂಡು ಹೋಗ್ಬರ್ತೀನಿ."

ಮಾರನೆಯ ಬೆಳಿಗ್ಗೆ ಹೊಸ ಚಪ್ಪಲಿ ಮೆಟ್ಟಿಕೊಂಡು, ಅದು ಕಚ್ಚಿ ಕುಂಟುತ್ತಾ ಕುಣಿಗಲ್ ಬಸ್ಸು ಹಿಡಿಯಲು ಹೋದರು. ಹೆಡ್ಮೇಷ್ಟರನ್ನು ಜಲ್ಲಿಯ ಮೇಲೆ ನಡೆಸಲು ಹೊರಟಿದ್ದವರು!

ಆಮೇಲೆ ಆಗಿದ್ದನ್ನು ನನಗೆ ಹೇಳಿದವಳು ತಮ್ಮನ ಹೆಂಡತಿಯೇ. ಮಣ್ಣಿಗೆ ಹೋದ ದಿನ ನನ್ನ ಕೈ ಹಿಡಿದುಕೊಂಡು ಹೇಳಿದಳು. "ವಾಪಸ್ ಬರ್ತಾ ಹನಿ ಶುರುವಾಯ್ತು ಅಕ್ಕ. ತಿರುವಲ್ಲಿ ಮುಂದ್ಗಡೆ ಬಸ್ಸು ನಿಂತಿತ್ತು. ಇವ್ರು ಬ್ರೇಕ್ ಹಾಕಿದ್ರು. ಗಾಡಿ ಹಿಂದ್ಗಡೆಯಿಂದ ತಿರುಗೋಯ್ತು, ಮುಂದಿಂದು ಹಿಂದಾಯ್ತು. ಅತ್ತಿಗೆ ಕೂತಿದ್ದ ಕಡೆ ಬಾಗ್ಲೇ ಮೋರಿ ಕಟ್ಟೆಗೆ ಬಡೀತು." ಮುಂದೆ ಕೂತಿದ್ದ ಗಂಡಹೆಂಡಿರಿಗೆ ತರಚು ಗಾಯ. ತಮ್ಮನ ಕೈಗೆ ಒಂದು ಬ್ಯಾಂಡೇಜು. ಹಿಂದಿನದನ್ನು ಯಾರು ನೋಡುತ್ತಾರೆ ಎಂದಿದ್ದನಲ್ಲ, ಹಿಂದೆ ಕೂತವರನ್ನೂ ಯಾರೂ ನೋಡಲಿಲ್ಲ.

ಕುಣಿಗಲ್ಲಿನಲ್ಲಿ ಶಿವಗಣಾರಾಧನೆ ಇಟ್ಟಿದ್ದರು. ಶಾಮಿಯಾನ, ಹಾರ ಹಾಕಿದ ಫೋಟೋ. ಫೋಟೋದಲ್ಲಿ ಶೂ ಕಾಣದಂತೆ ಸೊಂಟದವರೆಗೆ ಮಾತ್ರ. ಸ್ವಾಮಿಗಳು ಬರುವ ಮೊದಲು ನುಡಿನಮನ ಎಂದು ತಮ್ಮನ ಸ್ನೇಹಿತನೊಬ್ಬ, ಊರ ಮುಖಂಡ, ಮೈಕು ಹಿಡಿದ. "ವೇಗವನ್ನೇ ಪ್ರೀತಿಸಿದ ತಾಯಿ ಅವರು. ಆ ವೇಗವೇ ಇಂದು ಅವರನ್ನು ನಮ್ಮಿಂದ ಕಸಿದುಕೊಂಡಿತು. ಯುವಕರು ಇದನ್ನು ಪಾಠವಾಗಿ ತೆಗೆದುಕೊಳ್ಳಬೇಕು."

ಜನ ಲೊಚಗುಟ್ಟಿದರು. ತಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದ. ತಲೆ ತಗ್ಗಿಸಿಕೊಂಡು ಬ್ಯಾಂಡೇಜಿನ ಅಂಚು ಸರಿಮಾಡಿಕೊಳ್ಳುತ್ತಿದ್ದ. ಒಂದು ಮಾತು, ಒಂದೇ ಒಂದು ಮಾತು ಎದ್ದು ಹೇಳಬಾರದೇ? ಕಾದೆ. ಹೇಳಲಿಲ್ಲ. ನಾನೇ ಎದ್ದೆ.

"ಮೇಡಂ ಗಾಡಿ ಓಡಿಸ್ತಿರ್ಲಿಲ್ಲ. ಹಿಂದೆ ಕೂತಿದ್ರು. ಅವ್ರ ಕಾರು ತುಮಕೂರಲ್ಲಿ ಮನೆ ಮುಂದೆ ನಿಂತಿದೆ, ಯಾರ್ ಬೇಕಾದ್ರೂ ಬಂದು ನೋಡಿ."

ನನ್ನ ದನಿ ಹೆಂಗಸರ ಸಾಲು ದಾಟಿತೋ ಇಲ್ಲವೋ. ಮುಖಂಡ ಮೈಕಿನಲ್ಲಿ, "ತಾಯಂದಿರು ಸಮಾಧಾನ ಮಾಡಿಕೊಳ್ಳಬೇಕು, ದುಃಖ ನಮಗೂ ಇದೆ" ಎಂದ. ದುಃಖವಂತೆ! ನಾನು ಅತ್ತಿದ್ದೆನೇ? ಇದ್ದದ್ದನ್ನು ಹೇಳಿದ ಹೆಂಗಸಿಗೆ ಸಮಾಧಾನ ಮಾಡಿಕೋ ಎನ್ನುವ ಈ ಬುದ್ಧಿಗೆ ಏನೆನ್ನಬೇಕು? ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಸ್ವಾಮಿಗಳು ಬಂದರು. ಗುರುಗಳ ಎದುರು ಕೂಗಾಡುವ ಸಂಸ್ಕಾರ ನನ್ನದಲ್ಲ. ಕೂತೆ. ಕೂತು ಒಳಗೇ ಕುದಿದೆ.

ಪಂಕ್ತಿಗೆ ಎಲೆ ಹಾಕಿದರು. ಕೈ ಸಾಲದೆಂದು ನನಗೂ ಬೂಂದಿಯ ಬಕೆಟ್ಟು ಕೊಟ್ಟರು. ಬಡಿಸುತ್ತಾ ಹೋದಂತೆ ತಮ್ಮನ ಎಲೆ ಬಂತು. ಅವನು ತಲೆ ಎತ್ತದೆ, ನನಗೆ ಮಾತ್ರ ಕೇಳುವಂತೆ ಹೇಳಿದ.

"ನೀವು ಹೇಳಿದ್ದು ಸರಿ ಅಕ್ಕ."

ಸೌಟು ಕೈಯಲ್ಲೇ ನಿಂತಿತು.

"ನನ್ ಕಿವಿಗೆ ಯಾಕಪ್ಪ ಹೇಳ್ತೀಯ? ನನಗೆ ಗೊತ್ತು. ಮೈಕಲ್ಲಿ ಹೇಳು."

ಬೂಂದಿ ಹಾಕದೆ ಮುಂದಿನ ಎಲೆಗೆ ಹೋದೆ.

ಮೊದಲ ಪಂಕ್ತಿ ಎದ್ದು ಕೈ ತೊಳೆಯುತ್ತಿತ್ತು. ದೂರದೂರಿನವರು ಬಸ್ಸಿಗೆ ಹೊತ್ತಾಯಿತೆಂದು ಹೊರಟಿದ್ದರು. ಆಗ ಮೈಕು ಗರಗರ ಎಂದಿತು. ತಮ್ಮ ನಿಂತಿದ್ದ, ಅನ್ನದ ಕೈಯಲ್ಲೇ. "ಗಾಡಿ ಓಡಿಸ್ತಿದ್ದೋನು ನಾನು. ಅಕ್ಕ ಹಿಂದೆ ಕೂತಿದ್ಲು. ಅಕ್ಕಂದೇನೂ ತಪ್ಪಿಲ್ಲ." ಇನ್ನೇನೋ ಹೇಳಲು ಹೋದವನು ಮೈಕು ಇಟ್ಟುಬಿಟ್ಟ.

ಟೈರಿನ ಮಾತು ಆಡಲಿಲ್ಲ. ಅದು ಅವನ ಬಾಯಲ್ಲಿ ಬರಲಿಲ್ಲವಾದ್ದರಿಂದ ನಾನು ಬರೆದಿದ್ದೇನೆ. ನಿಮ್ಮ ಮನೆಯ ಗಾಡಿಗೆ ಎರಡೇ ಹೊಸ ಟೈರು ತಂದರೆ ಹಿಂದಕ್ಕೆ ಹಾಕಿಸಿ. ಹಾರವನ್ನು ಎಲ್ಲಿಗೆ ಬೇಕಾದರೂ ಹಾಕಿ.

ಸಂಜೆ ಮನೆಗೆ ಬಂದು ಮುಖ ತೊಳೆಯುತ್ತಿದ್ದಾಗ ನಮ್ಮ ಮನೆಯವರು, "ಅವನು ಹೇಳೋ ಹೊತ್ಗೆ ಅರ್ಧ ಜನ ಎದ್ದು ಹೋಗಿದ್ರು ಕಣೇ" ಎಂದರು.

"ಹೋಗ್ಲಿ. ಶಾಮಿಯಾನದ ಮೇಲೆ ಮೈಕಿನ ಹಾರ್ನ್ ಕಟ್ಟಿದ್ರಲ್ಲ. ಬಸ್‌ಸ್ಟಾಪಿನ ತನಕ ಕೇಳಿರುತ್ತೆ."

ಕೇಳಿದವರು ತಮ್ಮ ಊರಿಗೆ ಹೋಗಿ ಹೇಳುತ್ತಾರೋ, ಹಳೆಯ ಸುಳ್ಳನ್ನೇ ಹೇಳುತ್ತಾರೋ, ಶಿವನಿಗೇ ಗೊತ್ತು. ನಾಳೆಯ ದೋಸೆಗೆ ಏನೂ ನೆನೆಹಾಕಿರಲಿಲ್ಲ. ಅಕ್ಕಿ, ಉದ್ದಿನಬೇಳೆ ಅಳೆದುಕೊಂಡು ತೊಳೆಯಲು ಕೂತೆ.